ಮೂರು ಮೆಟ್ಟಿಲು, ಎರಡು ಬೋರ್ಡು: ವಿಕಲಚೇತನ ಆಟಗಾರರೂ ಆಡುವಂತೆ ಚೆಸ್ ಟೂರ್ನಿ ನಡೆಸುವುದು ಹೇಗೆ

ನಮ್ಮ ಕಡೆ ಕಲ್ಯಾಣ ಮಂಟಪದಲ್ಲಿ ಚೆಸ್ ಟೂರ್ನಿ ನಡೆದರೆ ಮೊದಲ ನಾಲ್ಕು ಬೋರ್ಡುಗಳಿಗೆ ವೇದಿಕೆಯೇ ಜಾಗ. ಮದುಮಕ್ಕಳು ಕೂರುವಲ್ಲಿ ಪಾಯಿಂಟಿನಲ್ಲಿ ಮುಂದಿರುವವರು ಕೂರುತ್ತಾರೆ. ಕೆಲವು ವರ್ಷಗಳ ಹಿಂದೆ ಅಂಥದ್ದೊಂದು ಓಪನ್ ಟೂರ್ನಿಯಲ್ಲಿ ಗಾಲಿಕುರ್ಚಿಯ ಹುಡುಗನೊಬ್ಬ ಮೊದಲ ನಾಲ್ಕು ರೌಂಡೂ ಗೆದ್ದ. ಐದನೇ ರೌಂಡಿಗೆ ಎರಡನೇ ಬೋರ್ಡು ಬಂತು. ವೇದಿಕೆಗೆ ಮೂರೇ ಮೆಟ್ಟಿಲು. ಅವನ ಅಪ್ಪ, ಇಬ್ಬರು ಸ್ವಯಂಸೇವಕರು ಸೇರಿ ಕುರ್ಚಿ ಸಮೇತ ಎತ್ತಿ ಮೇಲಿಟ್ಟರು. ಇಡೀ ಹಾಲ್ ಚಪ್ಪಾಳೆ ತಟ್ಟಿತು. ತಟ್ಟಿದವರಲ್ಲಿ ನಾನೂ ಒಬ್ಬ. ಹುಡುಗ ತಲೆ ಎತ್ತಲಿಲ್ಲ, ಇಪ್ಪತ್ತು ನಡೆಯೊಳಗೆ ಸೋತ. ಆ ಎರಡನೇ ಬೋರ್ಡನ್ನು ಕೆಳಗೆ ತಂದಿಡಲು ಎರಡು ನಿಮಿಷ ಸಾಕಿತ್ತು ಎಂದು ಅಲ್ಲಿದ್ದ ಒಬ್ಬರಿಗೂ, ಆರ್ಬಿಟರ್ (ತೀರ್ಪುಗಾರ) ಮೇಜಿನಲ್ಲಿ ಕೂತಿದ್ದ ನನಗೂ, ಹೊಳೆಯಲಿಲ್ಲ.

ಚೆಸ್ಸಿನ ನಿಯಮಪುಸ್ತಕ ಈ ವಿಷಯದಲ್ಲಿ ನಮ್ಮ ಮಂಟಪಗಳಿಗಿಂತ ಬಹಳ ಮುಂದಿದೆ. ವಿಶ್ವ ಚೆಸ್ ಸಂಸ್ಥೆಯಾದ ಫಿಡೆಯ ನಿಯಮಗಳ ಅನುಬಂಧ ಡಿ ಪೂರ್ತಿಯಾಗಿ ದೃಷ್ಟಿದೋಷವಿರುವ ಆಟಗಾರರ ಕುರಿತದ್ದು. ಕಾಯಿ ನಡೆಸಲು, ನಡೆ ಆದ ಮೇಲೆ ಕ್ಲಾಕ್ ಒತ್ತಲು, ನಡೆ ಬರೆಯಲು ಆಗದವರು ಸಹಾಯಕರನ್ನು ಇಟ್ಟುಕೊಳ್ಳಬಹುದು ಎಂದು ಮುಖ್ಯ ನಿಯಮಗಳಲ್ಲೇ ಇದೆ. ನಮ್ಮ ದೇಶದ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 30ನೇ ಸೆಕ್ಷನ್ ಕ್ರೀಡೆಯಲ್ಲಿ ಭಾಗವಹಿಸುವ ಹಕ್ಕಿಗೇ ಮೀಸಲು. ಇಷ್ಟೆಲ್ಲ ಇದ್ದೂ ಕೊರತೆಯಾಗುವುದು ಮೊದಲ ರೌಂಡಿಗೆ ಮುಂಚಿನ ಸಿದ್ಧತೆಯಲ್ಲಿ. ಹಾಗಾಗಿ ಈ ಮಾರ್ಗದರ್ಶಿಯ ಮುಕ್ಕಾಲು ಭಾಗ ಟೂರ್ನಿಯ ಹಿಂದಿನ ದಿನಗಳ ಕೆಲಸವೇ.

1. ಹಾಲ್ ನೋಡಲು ಹೋಗುವಾಗ ಟೇಪು ಒಯ್ಯಿರಿ

ಬಾಡಿಗೆ, ಫ್ಯಾನು, ಪಾರ್ಕಿಂಗ್ ವಿಚಾರಿಸುವುದಕ್ಕೆ ಮೊದಲು ಬೀದಿಯಿಂದ ಬೋರ್ಡಿನ ತನಕ ಒಮ್ಮೆ ನಡೆದುಬನ್ನಿ, ದಾರಿಯಲ್ಲಿ ಸಿಗುವ ಮೆಟ್ಟಿಲು ಎಣಿಸುತ್ತ. ಲಿಫ್ಟ್ ಇಲ್ಲದ ಮೊದಲ ಮಹಡಿಯ ಹಾಲ್ ಎಷ್ಟೇ ಅಗ್ಗವಾಗಿ ಸಿಕ್ಕರೂ ಬೇಡ. ನೆಲಮಹಡಿಯಲ್ಲೂ ಬಾಗಿಲಲ್ಲಿ ಎರಡು ಮೂರು ಮೆಟ್ಟಿಲು ಇದ್ದೇ ಇರುತ್ತವೆ. ಇಳಿಜಾರಿನ ಲೆಕ್ಕ 1:12. ಅಂದರೆ ಒಂದಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ. ತಲಾ 15 ಸೆಂಟಿಮೀಟರಿನ ಮೂರು ಮೆಟ್ಟಿಲು ಎಂದರೆ 45 ಸೆಂಟಿಮೀಟರ್, ಅದಕ್ಕೆ 5.4 ಮೀಟರ್ ಉದ್ದದ ರ‍್ಯಾಂಪ್ ಬೇಕು. ಶಾಮಿಯಾನದವರಿಗೆ ಮೊದಲೇ ಹೇಳಿದರೆ ಗಟ್ಟಿ ಹಲಗೆಯಲ್ಲಿ ಕಟ್ಟಿಕೊಡುತ್ತಾರೆ. ಅಳತೆ ಮಾತ್ರ ನೀವೇ ಕೊಡಿ. ಅವರ ಅಂದಾಜಿಗೆ ಬಿಟ್ಟರೆ ಸ್ಕೂಟರ್ ಹತ್ತಿಸುವ ಹಲಗೆಯಷ್ಟು ಕಡಿದಾಗಿ ಇಡುತ್ತಾರೆ, ಅದರಲ್ಲಿ ಗಾಲಿಕುರ್ಚಿ ಹಿಂದಕ್ಕೆ ಮಗುಚುತ್ತದೆ.

ಬಾಗಿಲು 90 ಸೆಂಟಿಮೀಟರ್ ಅಗಲವಿದ್ದರೆ ನೆಮ್ಮದಿ. ಗಾಲಿಕುರ್ಚಿ ಪೂರ್ತಿ ತಿರುಗಲು ಒಂದೂವರೆ ಮೀಟರ್ ಜಾಗ ಬೇಕು. ಬೋರ್ಡಿನ ಸಾಲುಗಳ ನಡುವೆ ಅಷ್ಟು ಬಿಡಲು ಆಗುವುದಿಲ್ಲ, ಸಾಲಿನ ತುದಿಯಲ್ಲಾದರೂ ಬಿಡಿ.

ಮೇಜಿನದು ಬೇರೆಯದೇ ಕಥೆ. ಟೂರ್ನಿ ಶಾಲೆಯಲ್ಲಾದರೆ ಬೆಂಚು ಡೆಸ್ಕಿಗೆ ಅಂಟಿಕೊಂಡಿರುತ್ತದೆ, ಗಾಲಿಕುರ್ಚಿ ಒಳಗೆ ಹೋಗುವ ಮಾತೇ ಇಲ್ಲ. ಮಂಟಪದ ಊಟದ ಮೇಜಿನಲ್ಲಿ ಕಾಲಿಗೆ ಅಡ್ಡ ಪಟ್ಟಿ. ಚೆಸ್ ಮೇಜಿನ ಸಾಮಾನ್ಯ ಎತ್ತರ 74 ಸೆಂಟಿಮೀಟರ್. ಕೆಳಗೆ ಅಡ್ಡಪಟ್ಟಿ, ಡ್ರಾಯರ್ ಯಾವುದೂ ಇಲ್ಲದಿದ್ದರೆ ಮೊಣಕಾಲು ಒಳಗೆ ಹೋಗುತ್ತದೆ. ಅಂಥ ಎರಡು ಮೇಜು ಬೇರೆಲ್ಲಿಂದಲಾದರೂ ತಂದಿಟ್ಟುಕೊಳ್ಳಿ. ತೋಳಿನ ಬಲದ ಮೇಲೆ ಕೂರುವವರಿಗೆ ಕೈಯಿರುವ ಕುರ್ಚಿ ಬೇಕು, ಪ್ಲಾಸ್ಟಿಕ್ ಸ್ಟೂಲ್ ಸಾಲದು.

ಶೌಚಾಲಯವನ್ನು ಕೊನೆಗೆ ನೋಡುವುದು ನಮ್ಮೆಲ್ಲರ ಅಭ್ಯಾಸ. ಕಮೋಡ್ ಇದೆಯೇ, ಬಾಗಿಲು ಹೊರಕ್ಕೆ ತೆರೆಯುತ್ತದೆಯೇ, ನೆಲ ಜಾರುತ್ತದೆಯೇ, ಆಟದ ಜಾಗದಿಂದ ಎಷ್ಟು ದೂರ? ಇವಕ್ಕೆ ಉತ್ತರ ಸಿಗದೆ ಅಡ್ವಾನ್ಸ್ ಕೊಡಬೇಡಿ. ಶೌಚಾಲಯಕ್ಕೆ ಹೋಗಬೇಕಾಗುತ್ತದೆಂದು ಬೆಳಗಿನಿಂದ ನೀರೇ ಕುಡಿಯದೆ ಆರು ರೌಂಡು ಆಡಿದವರನ್ನು ನಾನು ಬಲ್ಲೆ.

2. ಬ್ರೋಷರಿನಲ್ಲಿ ಒಂದು ಸಾಲು, ಫಾರ್ಮಿನಲ್ಲಿ ಒಂದು ಪ್ರಶ್ನೆ

"ವಿಕಲಚೇತನರು ಯಾರೂ ಬರುವುದಿಲ್ಲವಲ್ಲ, ಸುಮ್ಮನೆ ಯಾಕೆ ಖರ್ಚು" ಎಂಬ ಮಾತು ಪ್ರತಿ ಸಮಿತಿಯಲ್ಲೂ ಕೇಳಿಬರುತ್ತದೆ. ಬರುವುದಿಲ್ಲ ನಿಜ. ಬಂದರೆ ಏನು ಸಿಗುತ್ತದೆಂದು ನಾವು ಎಲ್ಲೂ ಹೇಳಿರುವುದಿಲ್ಲವಲ್ಲ! ಬ್ರೋಷರಿನಲ್ಲಿ ನೇರವಾಗಿ ಬರೆಯಿರಿ: ಆಟ ನೆಲಮಹಡಿಯಲ್ಲಿ, ರ‍್ಯಾಂಪ್ ಇದೆ, ಕಮೋಡ್ ಇದೆ, ಬ್ರೈಲ್ ಬೋರ್ಡಿನಲ್ಲಿ ಆಡುವವರಿಗೆ ಸ್ವಾಗತ, ಸಹಾಯಕರನ್ನು ನಾವೇ ಒದಗಿಸುತ್ತೇವೆ, ಜೊತೆಗೆ ಬರುವವರಿಗೆ ಶುಲ್ಕವಿಲ್ಲ. ಇಲ್ಲದ್ದನ್ನೂ ಹೇಳಿ. "ಬಸ್ ನಿಲ್ದಾಣದಿಂದ ಮಂಟಪದ ತನಕ ಏರುದಾರಿ" ಎಂದು ಮೊದಲೇ ತಿಳಿದರೆ ಅವರು ಆಟೋ ಮಾಡಿಕೊಂಡು ಬರುತ್ತಾರೆ.

ಬ್ರೋಷರನ್ನು ಬರೀ ಬಣ್ಣದ ಪೋಸ್ಟರಾಗಿ ವಾಟ್ಸ್ಆ್ಯಪಿಗೆ ಹಾಕುವವರೇ ಹೆಚ್ಚು. ಆದರೆ ಫೋನಿನಲ್ಲಿ ತೆರೆಯ ಮೇಲಿನ ಅಕ್ಷರ ಓದಿ ಹೇಳುವ ಟಾಕ್‌ಬ್ಯಾಕ್ ಬಳಸುವವರಿಗೆ ಆ ಚಿತ್ರ ಏನನ್ನೂ ಹೇಳುವುದಿಲ್ಲ. ಅದೇ ಮಾಹಿತಿಯನ್ನು ಅಕ್ಷರದಲ್ಲಿ ಟೈಪ್ ಮಾಡಿ ಕೆಳಗೆ ಹಾಕಿ. ಐದು ನಿಮಿಷದ ಕೆಲಸ.

ನೋಂದಣಿ ಫಾರ್ಮಿನಲ್ಲಿ "ನಿಮ್ಮ ಅಂಗವೈಕಲ್ಯ ಯಾವುದು, ಎಷ್ಟು ಶೇಕಡ" ಎಂದು ಕೇಳಬೇಡಿ. ನಿಮಗೆ ಅದರಿಂದ ಆಗಬೇಕಾದ್ದು ಏನೂ ಇಲ್ಲ. "ಆಡಲು ನಿಮಗೆ ಏನಾದರೂ ವ್ಯವಸ್ಥೆ ಬೇಕೇ?" ಎಂದು ಕೇಳಿ. ಶೇಕಡ ನಲವತ್ತು ಎಂದು ಬರೆದವರಿಗೆ ಏನು ಬೇಕೆಂದು ನಿಮಗೆ ಹೊಳೆಯದು. "ಕ್ಲಾಕ್ ಎಡಗಡೆ ಇರಲಿ, ಬಲಗೈ ಎತ್ತಲಾಗದು" ಎಂದು ಬರೆದರೆ ಕೆಲಸ ಅರ್ಧ ಮುಗಿದಂತೆ. ವಿಕಲಚೇತನರಿಗೆಂದೇ ಪ್ರತ್ಯೇಕ ಬಹುಮಾನ ಇಟ್ಟಿದ್ದರೆ ಅದಕ್ಕೆ ಮಾತ್ರ ಯುಡಿಐಡಿ ಕಾರ್ಡ್ (ವಿಕಲಚೇತನರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ) ನೋಡಿ. ಸರಿಯಾದ ಮೇಜು ಕೇಳಿದವರ ಬಳಿ ಕಾರ್ಡು ಕೇಳುವುದು ಅತಿಯಾಯಿತು.

ಫಾರ್ಮ್ ಬಂದ ಮೇಲೆ ಒಂದು ಫೋನ್ ಮಾಡಿ, ಅದೂ ಆಟಗಾರರಿಗೇ. ಅಪ್ಪ, ಅಣ್ಣ, ಕೋಚ್ ಎತ್ತಿಕೊಂಡರೂ "ಅವರಿಗೇ ಕೊಡಿ" ಎನ್ನಿ.

3. ಕಣ್ಣು ಕಾಣದ ಆಟಗಾರರು: ಇಲ್ಲಿ ಸ್ವಲ್ಪ ನಿಲ್ಲಬೇಕು

ಚೆಸ್ಸಿನ ಮಟ್ಟಿಗೆ ಇವರು ಯಾರ ದಾಕ್ಷಿಣ್ಯದಲ್ಲೂ ಇಲ್ಲ. ನಮ್ಮ ಶಿವಮೊಗ್ಗದ ಕಿಶನ್ ಗಂಗೊಳ್ಳಿ ಅಂಧರ ರಾಷ್ಟ್ರೀಯ ಚಾಂಪಿಯನ್ ಪಟ್ಟವನ್ನು ಮತ್ತೆ ಮತ್ತೆ ಗೆದ್ದವರು. ವಡೋದರದ ದರ್ಪಣ್ ಇನಾನಿ 2023ರಲ್ಲಿ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಪ್ಯಾರಾ ಗೇಮ್ಸಿನಲ್ಲಿ ಚಿನ್ನ ತಂದರು. ಇಂಥವರು ನಿಮ್ಮ ಟೂರ್ನಿಗೆ ಬಂದರೆ ಬಹುಮಾನ ಒಯ್ಯಲು ಬಂದಿರುತ್ತಾರೆ. ಎದುರಾಳಿಗಳಿಗೂ ಇದನ್ನು ಹೇಳಿಬಿಡಿ, ಪಾಪ ಎಂದುಕೊಂಡು ಕೂತು ಸೋಲುವುದು ತಪ್ಪುತ್ತದೆ.

ಆಟ ಎರಡು ಬೋರ್ಡಿನ ಮೇಲೆ ನಡೆಯುತ್ತದೆ. ಕಣ್ಣು ಕಾಣುವವರಿಗೆ ಮಾಮೂಲಿ ಬೋರ್ಡು, ಕಾಣದವರಿಗೆ ಬೇರೆ ಬೋರ್ಡು. ಆ ಬೋರ್ಡು ಕನಿಷ್ಠ 20 ಸೆಂಟಿಮೀಟರ್ ಚೌಕ, ಕಪ್ಪು ಮನೆಗಳು ತುಸು ಉಬ್ಬು, ಪ್ರತಿ ಮನೆಯಲ್ಲೂ ಒಂದು ತೂತು. ಕಾಯಿಗಳ ಬುಡದಲ್ಲಿ ಆ ತೂತಿಗೆ ಕೂರುವ ಮೊಳೆ. ಬೆರಳಿಗೆ ತಿಳಿಯಲೆಂದು ಕಪ್ಪು ಕಾಯಿಗಳ ಮೇಲೆ ಗುರುತು. ಬಹಳಷ್ಟು ಆಟಗಾರರು ತಮ್ಮದೇ ಬೋರ್ಡು ತರುತ್ತಾರೆ. ಆದರೂ ಒಂದು ಸೆಟ್ಟು ನಿಮ್ಮ ಬಳಿ ಇರಲಿ. ಎರಡೂ ಬೋರ್ಡು, ಕ್ಲಾಕು, ಬರೆಯುವ ಸಾಮಾನು ಒಂದೇ ಮೇಜಿನಲ್ಲಿ ಹಿಡಿಸಬೇಕಾದ್ದರಿಂದ ದೊಡ್ಡ ಮೇಜನ್ನೇ ಇಡಿ.

ನಡೆಯನ್ನು ಗಟ್ಟಿಯಾಗಿ ಹೇಳಬೇಕು, ಎದುರಾಳಿ ಅದನ್ನು ಮರಳಿ ಹೇಳಬೇಕು, ತನ್ನ ಬೋರ್ಡಿನಲ್ಲೂ ಆಡಬೇಕು. ಬೋರ್ಡಿನ ಉದ್ದಸಾಲುಗಳಿಗೆ ಎ ಇಂದ ಎಚ್ ತನಕ ಅಕ್ಷರ, ಅಡ್ಡಸಾಲುಗಳಿಗೆ ಅಂಕಿ. ಗದ್ದಲದಲ್ಲಿ ಬಿ, ಸಿ, ಡಿ, ಇ, ಜಿ ಎಲ್ಲವೂ ಒಂದೇ ಥರ ಕೇಳುತ್ತವೆ. ಅದಕ್ಕೇ ಫಿಡೆ ಸೂಚಿಸುವ ಹೆಸರುಗಳಿವೆ: ಅನ್ನಾ, ಬೆಲ್ಲಾ, ಸೀಸರ್, ಡೇವಿಡ್, ಇವಾ, ಫೀಲಿಕ್ಸ್, ಗುಸ್ಟಾವ್, ಹೆಕ್ಟರ್. ಇವನ್ನು ದೊಡ್ಡಕ್ಷರದಲ್ಲಿ ಒಂದು ಚೀಟಿಯಲ್ಲಿ ಬರೆದು ಕಣ್ಣು ಕಾಣುವ ಎದುರಾಳಿಯ ಮುಂದೆ ಅಂಟಿಸಿ. ಅಂಕಿ ಮತ್ತು ಕಾಯಿಗಳಿಗೆ ನಿಯಮದಲ್ಲಿ ಜರ್ಮನ್ ಹೆಸರುಗಳಿವೆ, ಆದರೆ ಸ್ಥಳೀಯ ಪರಿಸ್ಥಿತಿಗೆ ತಕ್ಕಂತೆ ಬದಲಿಸುವ ಅಧಿಕಾರ ಸಂಘಟಕರಿಗಿದೆ. ಆರ್ಬಿಟರ್ ಜೊತೆ ಮಾತಾಡಿ ಯಾವ ಭಾಷೆ ಎಂದು ಆಟಕ್ಕೆ ಮೊದಲೇ ತೀರ್ಮಾನಿಸಿ. ಟೂರ್ನಿ ಆಡಿ ಪಳಗಿದವರು "ನೈಟ್, ಬಿಷಪ್" ಎನ್ನುತ್ತಾರೆ; ಮನೆಯಲ್ಲಿ ಕಲಿತು ಬಂದ ಹುಡುಗರು "ಕುದುರೆ, ಒಂಟೆ" ಎನ್ನುತ್ತಾರೆ. ಎರಡೂ ನಡೆಯುತ್ತದೆ, ಬೆರಕೆಯಾದರೆ ಮಾತ್ರ ಫಜೀತಿ. ಬಾಯಿತಪ್ಪಿ ಬೇರೆ ನಡೆ ಹೇಳಿದರೆ ಎದುರಾಳಿಯ ಕ್ಲಾಕ್ ಶುರುವಾಗುವ ಮೊದಲೇ ತಿದ್ದಿಕೊಳ್ಳಬೇಕು.

ಮೊದಲ ರೌಂಡಿನಲ್ಲೇ ಬರುವ ದೂರು ಯಾವುದೆಂದು ಈಗಲೇ ಹೇಳುತ್ತೇನೆ. ಎದುರಾಳಿ ಹುಡುಗ ಕೈ ಎತ್ತುತ್ತಾನೆ: "ಸರ್, ಟಚ್ ಮೂವ್! ಅವರು ಎಲ್ಲ ಕಾಯಿನೂ ಮುಟ್ತಾ ಇದಾರೆ!" ಮುಟ್ಟಿದ ಕಾಯಿಯನ್ನೇ ಆಡಬೇಕೆಂಬ ನಿಯಮ ಅವನ ತಲೆಯಲ್ಲಿದೆ. ಮುಟ್ಟದೆ ಅವರಿಗೆ ಬೋರ್ಡು ಕಾಣುವುದಾದರೂ ಹೇಗೆ? ಅವರ ಬೋರ್ಡಿನಲ್ಲಿ ಕಾಯಿಯನ್ನು ತೂತಿನಿಂದ ಹೊರಗೆ ತೆಗೆದರೆ ಮಾತ್ರ ಅದು "ಮುಟ್ಟಿದ" ಲೆಕ್ಕ. ಕಾಯಿ ಇನ್ನೊಂದು ತೂತಿನಲ್ಲಿ ಕೂತು, ಹೊಡೆದಿದ್ದರೆ ಹೊಡೆದ ಕಾಯಿ ಬೋರ್ಡಿನಿಂದ ಹೊರಬಂದು, ಬಾಯಿಯಲ್ಲಿ ಹೇಳಿದ ಮೇಲೆ ನಡೆ ಮುಗಿಯಿತು. ಇದನ್ನು ಆಟಕ್ಕೆ ಮೊದಲು ಇಬ್ಬರನ್ನೂ ಕೂರಿಸಿ ಹೇಳಿದರೆ ಎರಡು ನಿಮಿಷ, ನಡುವೆ ಜಗಳ ಬಿಡಿಸುವುದಾದರೆ ಇಪ್ಪತ್ತು ನಿಮಿಷ.

ಎರಡು ಬೋರ್ಡಿನ ಸ್ಥಿತಿ ಬೇರೆ ಬೇರೆಯಾಗುವುದು ಅಪರೂಪವೇನಲ್ಲ. ಗಾಬರಿ ಬೇಡ. ಕ್ಲಾಕ್ ನಿಲ್ಲಿಸಿ ಇಬ್ಬರೂ ನಡೆ ಬರೆದಿಟ್ಟ ಸ್ಕೋರ್‌ಶೀಟ್ ಹೋಲಿಸಿ. ಎರಡರಲ್ಲೂ ಒಂದೇ ನಡೆ ಬರೆದಿದ್ದರೆ, ಸರಿಯಾಗಿ ಬರೆದು ತಪ್ಪಾಗಿ ಆಡಿದವರು ತಮ್ಮ ಬೋರ್ಡನ್ನು ಬರೆದಂತೆ ತಿದ್ದಿಕೊಳ್ಳಬೇಕು. ಬರಹವೇ ಬೇರೆ ಬೇರೆಯಾಗಿದ್ದರೆ ಎರಡೂ ಹೊಂದುವ ನಡೆಯ ತನಕ ಹಿಂದಕ್ಕೆ ಹೋಗಬೇಕು. ನೊಟೇಶನ್ (ನಡೆಗಳ ದಾಖಲೆ) ಅವರು ಬ್ರೈಲಿನಲ್ಲಿ ಬರೆಯಬಹುದು, ಕೈಬರಹದಲ್ಲಿ ಬರೆಯಬಹುದು, ರೆಕಾರ್ಡರಿನಲ್ಲಿ ಹೇಳಿಡಬಹುದು. ಬ್ರೈಲ್ ಓದಲು ಬರುವ ಒಬ್ಬರ ಫೋನ್ ನಂಬರ್ ಆರ್ಬಿಟರ್ ಜೇಬಿನಲ್ಲಿ ಇರಲಿ.

ನಡೆ ಗಟ್ಟಿಯಾಗಿ ಹೇಳುವುದರಿಂದ ಪಕ್ಕದವರಿಗೆ ತೊಂದರೆ ಎಂದು ಕೆಲವರು ಇವರನ್ನು ಬೇರೆ ಕೋಣೆಗೆ ಹಾಕುತ್ತಾರೆ. ನನಗೆ ಅದು ಸರಿಕಾಣದು. ಟೂರ್ನಿಗೆ ಬಂದವರಿಗೆ ಟೂರ್ನಿಯ ಸದ್ದೂ ಬೇಕು. ಹಾಲಿನ ಮೂಲೆಯಲ್ಲಿ, ಅಕ್ಕಪಕ್ಕ ಒಂದೆರಡು ಮೇಜು ಖಾಲಿ ಬಿಟ್ಟು ಕೂರಿಸಿದರೆ ಸಾಕು.

ಸ್ವಲ್ಪ ಕಾಣುವವರ ಸಮಸ್ಯೆ ಇದಲ್ಲ, ಬೆಳಕು. ಕಿಟಕಿ ಎದುರಿಗಿದ್ದರೆ ಕಣ್ಣು ಕೋರೈಸುತ್ತದೆ, ಹೊಳೆಯುವ ಕಾಯಿಗಳಿದ್ದರೂ ಹಾಗೆಯೇ. ಕಿಟಕಿ ಬೆನ್ನಿಗೆ ಬರುವಂತೆ ಕೂರಿಸಿ, ಟೇಬಲ್ ಲ್ಯಾಂಪ್ ಕೊಡಿ. ದಪ್ಪ ಗೆರೆಯ ಸ್ಕೋರ್‌ಶೀಟ್, ಕಪ್ಪು ಮಾರ್ಕರ್ ಇಟ್ಟಿರಿ.

4. ಸಹಾಯಕರನ್ನು ಹುಡುಕಿ, ಕಲಿಸಿ

ಅನುಬಂಧ ಡಿ ಪ್ರಕಾರ ದೃಷ್ಟಿದೋಷವಿರುವ ಆಟಗಾರರ ಸಹಾಯಕರು ಎರಡೂ ಬೋರ್ಡಿನಲ್ಲಿ ನಡೆ ಆಡಬಹುದು, ನಡೆ ಕೂಗಿ ಹೇಳಬಹುದು, ಸ್ಕೋರ್ ಬರೆಯಬಹುದು, ಎದುರಾಳಿಯ ಕ್ಲಾಕ್ ಶುರುಮಾಡಬಹುದು, ಎದುರಾಳಿ ಕಾಯಿ ಮುಟ್ಟಿದರೆ ಆರ್ಬಿಟರಿಗೆ ತಿಳಿಸಬಹುದು, ಸಮಯ ಮುಗಿದಾಗ ಗೆಲುವು ಕ್ಲೇಮ್ ಮಾಡಬಹುದು. ಎಷ್ಟು ನಡೆ ಆಯಿತು, ಎಷ್ಟು ಸಮಯ ಕಳೆಯಿತು ಎನ್ನುವುದನ್ನು ಮಾತ್ರ ಆಟಗಾರ ಕೇಳಿದರಷ್ಟೇ ಹೇಳಬೇಕು. ಕೇಳದೆ "ಸಮಯ ಕಮ್ಮಿ ಇದೆ" ಎಂದರೂ ಅದು ನೆರವು ಕೊಟ್ಟಂತೆ.

ಕಾಲೇಜಿನ ಎನ್ಎಸ್ಎಸ್ ಹುಡುಗ-ಹುಡುಗಿಯರು ಈ ಕೆಲಸಕ್ಕೆ ಚೆನ್ನ. ಕೋಚ್, ಮನೆಯವರು ಬೇಡ. ಅವರಿಗೆ ಮುಖದ ಭಾವ ಮುಚ್ಚಿಡಲು ಬರುವುದಿಲ್ಲ. ಆಟ ಬಹಳ ಚೆನ್ನಾಗಿ ಬಲ್ಲವರೂ ಬೇಡ ಎನ್ನುತ್ತೇನೆ. ತಪ್ಪು ನಡೆ ಕಂಡಾಗ ಉಸಿರು ಎಳೆದುಕೊಳ್ಳುತ್ತಾರೆ, ಕಣ್ಣು ಕಾಣದವರ ಕಿವಿಗೆ ಅಷ್ಟೇ ಸಾಕು. ನೊಟೇಶನ್ ಗೊತ್ತಿರುವ, ತೆಪ್ಪಗೆ ಕೂರಬಲ್ಲವರು ಸಿಕ್ಕರೆ ಹಿಂದಿನ ಸಂಜೆ ಕರೆಸಿ, ಎರಡು ಬೋರ್ಡಿಟ್ಟು ಪೂರ್ತಿ ಒಂದು ಆಟ ಆಡಿಸಿ ನೋಡಿ.

ಕಣ್ಣು ಕಾಣದವರಿಗೂ ಕಿವಿ ಕೇಳದವರಿಗೂ ಪೇರಿಂಗ್ (ಎದುರಾಳಿಗಳ ಜೋಡಿ) ಬಂದರೆ ಸಹಾಯಕರು ಇರಲೇಬೇಕು. ನಿಯಮದಲ್ಲೇ ಇದೆ. ಪ್ರತಿ ರೌಂಡಿನಲ್ಲೂ ಹೆಚ್ಚುಕಡಿಮೆ ಸಮ ಪಾಯಿಂಟಿನವರನ್ನು ಜೋಡಿಸುವ ಸ್ವಿಸ್ ಪದ್ಧತಿಯಲ್ಲಿ ಇಂಥ ಜೋಡಿ ಯಾವ ರೌಂಡಿನಲ್ಲಾದರೂ ಬಂದೀತು, ಒಬ್ಬರನ್ನು ಹೆಚ್ಚುವರಿಯಾಗಿ ಕಾದಿರಿಸಿ.

5. ಕೈ ನಡುಗುವವರು, ಕೈ ಎತ್ತಲಾಗದವರು

ಒಂದೇ ಕೈಯಿರುವವರಿಗೆ ಚೆಸ್ ನಿಯಮ ಆಗಲೇ ಅನುಕೂಲವಾಗಿದೆ: ನಡೆಯನ್ನು ಯಾರೇ ಆದರೂ ಒಂದೇ ಕೈಯಲ್ಲಿ ಆಡಬೇಕು, ಅದೇ ಕೈಯಲ್ಲಿ ಕ್ಲಾಕ್ ಒತ್ತಬೇಕು. ತೊಡಕು ಬರುವುದು ಒಂದು ಕೈಗೆ ಇನ್ನೊಂದು ಕೈಯ ಆಸರೆ ಕೊಟ್ಟು ಕಾಯಿ ಎತ್ತುವವರಿಗೆ. ಎರಡು ಕೈ ಬಳಸಿ ನಡೆ ಆಡಿ ಕ್ಲಾಕ್ ಒತ್ತಿದರೆ ಅದು ಇಲ್ಲೀಗಲ್ ಮೂವ್ (ನಿಯಮಬಾಹಿರ ನಡೆ) ಎಂಬ ನಿಯಮವನ್ನು ಹಿಡಿದು ಎದುರಾಳಿ ತನ್ನ ಕ್ಲಾಕಿಗೆ ಹೆಚ್ಚುವರಿ ಎರಡು ನಿಮಿಷ ಕೇಳುತ್ತಾನೆ. ಇದನ್ನು ಆಟಕ್ಕೆ ಮೊದಲೇ ಇಬ್ಬರಿಗೂ ಹೇಳಿ ಇತ್ಯರ್ಥ ಮಾಡಿ, ಆರ್ಬಿಟರುಗಳೆಲ್ಲರಿಗೂ ತಿಳಿಸಿ. ಸೆರೆಬ್ರಲ್ ಪಾಲ್ಸಿ ಇರುವವರ ಕೈ ತಾಗಿ ಕಾಯಿ ಬಿದ್ದರೂ ಅಷ್ಟೇ. ಬುಡದಲ್ಲಿ ತೂಕವಿರುವ ಕಾಯಿಗಳನ್ನು ಅವರ ಮೇಜಿಗೆ ಹಾಕಿದರೆ ಅರ್ಧ ತೊಂದರೆ ಇಲ್ಲವಾಗುತ್ತದೆ.

ಬರೆಯಲು ಅಥವಾ ಕ್ಲಾಕ್ ಒತ್ತಲು ಆಗದೆ ಸಹಾಯಕರನ್ನು ಇಟ್ಟುಕೊಂಡರೆ ಮಾಮೂಲಿ ಆಟಗಾರನ ಸಮಯವನ್ನು ಆರ್ಬಿಟರ್ ಕಡಿತ ಮಾಡಬಹುದು. ಈ ಕಡಿತ ವಿಕಲಚೇತನ ಆಟಗಾರರಿಗೆ ಅನ್ವಯಿಸುವುದಿಲ್ಲ ಎಂದು ನಿಯಮ ಸ್ಪಷ್ಟವಾಗಿ ಹೇಳುತ್ತದೆ. ಕಡಿತ ಮಾಡಿಬಿಡುವ ಆರ್ಬಿಟರುಗಳನ್ನು ಕಂಡಿದ್ದೇನೆ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ.

6. ಕಿವಿ ಕೇಳದವರು

ಸುಲಭವೆಂದು ನಾವು ಮರೆತೇಬಿಡುವುದು ಇವರನ್ನು. ಮೈಕಿನಲ್ಲಿ "ಕ್ಲಾಕ್ ಶುರುಮಾಡಿ" ಎಂದಾಗ ಇವರು ತಲೆಬಗ್ಗಿಸಿ ಹೆಸರು ಬರೆಯುತ್ತಿರುತ್ತಾರೆ. ರೌಂಡ್ ಶುರುವಾಗುವಾಗ ಒಂದು ಬಾವುಟ ಎತ್ತಿ, ಘೋಷಣೆಗಳನ್ನು ಬೋರ್ಡಿನಲ್ಲೂ ಬರೆಯಿರಿ. ಡ್ರಾ ಕೇಳಲು ಸ್ಕೋರ್‌ಶೀಟಿನಲ್ಲಿ ಹಾಕುವ ಸಮ ಚಿಹ್ನೆಯನ್ನೇ ಒಂದು ಕಾರ್ಡಿನಲ್ಲಿ ಬರೆದು ಮೇಜಿನ ಮೇಲಿಡಿ, ತೋರಿಸಿದರಾಯಿತು. ವಿವಾದ ಬಂದಾಗ ಮಾತ್ರ ಸನ್ನೆಭಾಷೆ ಬಲ್ಲವರು ಬೇಕಾಗುತ್ತಾರೆ. ಹತ್ತಿರದ ಕಿವುಡ ಮಕ್ಕಳ ಶಾಲೆಯ ಶಿಕ್ಷಕರೊಬ್ಬರನ್ನು ಮೊದಲೇ ಮಾತಾಡಿಸಿಡಿ. ಅವರು ಬಂದರೆ ನಾಲ್ಕು ಮಕ್ಕಳನ್ನೂ ಆಡಲು ಕರೆತರುತ್ತಾರೆ, ಅದು ಲಾಭ.

7. ಸಮಯ ಮತ್ತು ಯಂತ್ರಗಳು

ನಡೆ ಹೇಳಿ, ಮರಳಿ ಹೇಳಿ, ಎರಡು ಬೋರ್ಡಿನಲ್ಲಿ ಆಡುವುದಕ್ಕೆ ಐದಾರು ಸೆಕೆಂಡು ಎಂದಿಟ್ಟುಕೊಳ್ಳಿ. 40 ನಡೆಯ ಆಟದಲ್ಲಿ ಒಬ್ಬೊಬ್ಬರಿಗೆ ಮೂರು ನಾಲ್ಕು ನಿಮಿಷ ಅದಕ್ಕೇ ಹೋಯಿತು. 90 ನಿಮಿಷಕ್ಕೆ, ಪ್ರತಿ ನಡೆಗೂ ಸೇರುವ 30 ಸೆಕೆಂಡ್ ಇನ್‌ಕ್ರಿಮೆಂಟ್ ಇರುವ ಆಟದಲ್ಲಿ ಇದು ಲೆಕ್ಕಕ್ಕಿಲ್ಲ. ಹತ್ತು ನಿಮಿಷದ ಬ್ಲಿಟ್ಜಿನಲ್ಲಿ ಮೂರನೇ ಒಂದು ಪಾಲು! ಒಂದೇ ದಿನದ ರ‍್ಯಾಪಿಡ್ ನಡೆಸುವುದಾದರೆ 25 ನಿಮಿಷಕ್ಕೆ 10 ಸೆಕೆಂಡಾದರೂ ಇಡಿ, ರೌಂಡ್ ಒಂದು ಕಡಿಮೆಯಾದರೂ ಚಿಂತೆಯಿಲ್ಲ. ಬೇಗ ದಣಿಯುವ ಸ್ನಾಯು ತೊಂದರೆಯವರಿಗೂ ಇದರಿಂದಲೇ ಅನುಕೂಲ.

ಮಾತಾಡುವ ಕ್ಲಾಕಿಗೆ ಇಯರ್‌ಫೋನ್ ಬೇಕು. ಇಯರ್‌ಫೋನ್ ಕಂಡರೆ ಅಕ್ಕಪಕ್ಕದವರಿಗೆ ಮೋಸದ ಅನುಮಾನ. ಶ್ರವಣಯಂತ್ರ, ಸಕ್ಕರೆ ಕಾಯಿಲೆಯವರ ಸೆನ್ಸರ್ ಎಲ್ಲಕ್ಕೂ ಇದೇ ಕಥೆ. ಮೊದಲ ರೌಂಡಿಗೆ ಮುಂಚೆ ಆರ್ಬಿಟರ್ ನೋಡಿ, ಬ್ಲೂಟೂತ್ ಇದ್ದರೆ ಏನು ಮಾಡಬೇಕೆಂದು ತೀರ್ಮಾನಿಸಿ, ಅನುಮತಿಯನ್ನು ಬರಹದಲ್ಲಿ ಕೊಡಲಿ. ಆಮೇಲೆ ಯಾರಾದರೂ ದೂರಿದರೆ ಆಟಗಾರ ಉತ್ತರ ಕೊಡಬೇಕಿಲ್ಲ, ಚೀಟಿ ಕೊಡುತ್ತದೆ. ರೆಕಾರ್ಡರ್ ಎಂದರೆ ರೆಕಾರ್ಡ್ ಮಾತ್ರ ಮಾಡುವ ಯಂತ್ರ, ಮೊಬೈಲ್ ಅಲ್ಲ. ಲೋಹಶೋಧಕ ಬಳಸುವುದಾದರೆ ಕೃತಕ ಕಾಲು, ಗಾಲಿಕುರ್ಚಿಯವರನ್ನು ಪಕ್ಕದ ಕೋಣೆಯಲ್ಲಿ ಮರ್ಯಾದೆಯಿಂದ ಪರೀಕ್ಷಿಸಿ. ಬಿಟ್ಟುಬಿಡುವುದೂ ಬೇಡ. ಎಲ್ಲರಿಗೂ ಇರುವ ತಪಾಸಣೆಯಿಂದ ಅವರೊಬ್ಬರಿಗೆ ವಿನಾಯಿತಿ ಕೊಟ್ಟರೆ ಅದೂ ಅವಮಾನವೇ.

8. ಟೂರ್ನಿಯ ದಿನ

ವಿಕಲಚೇತನ ಆಟಗಾರರಿಗೆ ಒಂದು ಬೋರ್ಡು ಖಾಯಂ ಇರಲಿ. ಪಾಯಿಂಟ್ ಏರಿದರೂ ಇಳಿದರೂ ಅವರು ಅಲ್ಲೇ ಕೂರುತ್ತಾರೆ, ಎದುರಾಳಿ ಬರುತ್ತಾನೆ. ಪೇರಿಂಗ್ ತಂತ್ರಾಂಶದಲ್ಲಿ ಇದನ್ನು ಹೊಂದಿಸಲು ಗೊತ್ತಾಗದಿದ್ದರೆ ಮುದ್ರಿಸಿದ ಪಟ್ಟಿಯಲ್ಲಿ ಪೆನ್ನಿನಿಂದ ತಿದ್ದಿ ಅಂಟಿಸಿ. ಒಂದನೇ ಬೋರ್ಡಿನ ಆಟಗಾರ ವೇದಿಕೆ ಬಿಟ್ಟು ಕೆಳಗೆ ಬಂದು ಆಡಬೇಕಾಗಿ ಬಂದರೆ ಮುಖ ಸಿಂಡರಿಸಬಹುದು, ಸಿಂಡರಿಸಲಿ. ಅದಕ್ಕಿಂತ ಸುಲಭ, ವೇದಿಕೆಯಲ್ಲಿ ಬೋರ್ಡನ್ನೇ ಇಡದಿರುವುದು.

ಪೇರಿಂಗ್ ಪಟ್ಟಿ ಅಂಟಿಸಿದ ಕ್ಷಣ ಗೋಡೆಯ ಮುಂದೆ ಜಾತ್ರೆ. ಗಾಲಿಕುರ್ಚಿಯಲ್ಲಿ ಕೂತವರಿಗೆ ಕಾಣುವುದು ಜನರ ಸೊಂಟ ಮಾತ್ರ, ಕಣ್ಣು ಕಾಣದವರಿಗೆ ಅದೂ ಇಲ್ಲ. ಇವರಿಗೆ ಎದುರಾಳಿಯ ಹೆಸರು, ಬಣ್ಣ ಎರಡನ್ನೂ ಒಂದು ಸಂದೇಶದಲ್ಲಿ ಕಳಿಸಿ ಅಥವಾ ಸ್ವಯಂಸೇವಕರು ಹೋಗಿ ಹೇಳಲಿ. ಆಟಕ್ಕೆ ಮೊದಲು ಕೈಕುಲುಕಲು ಚಾಚಿದ ಕೈ ಕಾಣದವರಿಗೆ "ನಮಸ್ಕಾರ, ನಾನು ಇಂಥವನು, ಕೈ ಕೊಡಿ" ಎಂದು ಬಾಯಿಬಿಟ್ಟು ಹೇಳುವಂತೆ ಎದುರಾಳಿಗೆ ತಿಳಿಸಿ. ಊಟದ ಪಂಕ್ತಿಯಲ್ಲಿ ಮೊದಲ ಸಾಲಿನಲ್ಲೇ ಇವರಿಗೆ ಎಲೆ ಹಾಕಿ, ಮುಂದಿನ ರೌಂಡಿಗೆ ಓಡಬೇಕಾಗುವುದಿಲ್ಲ.

ಬಹುಮಾನ ವಿತರಣೆ ವೇದಿಕೆಯಲ್ಲಿ ಬೇಡ. ಮುಖ್ಯ ಅತಿಥಿಗಳು ಕೆಳಗಿಳಿಯಲಿ, ಅವರ ಕಾಲು ಗಟ್ಟಿಯಾಗಿರುತ್ತದೆ. ವಿಕಲಚೇತನರಿಗೆ ಪ್ರತ್ಯೇಕ ಬಹುಮಾನ ಇಡುವುದು ತಪ್ಪಲ್ಲ, ಆದರೆ ಮುಖ್ಯ ಬಹುಮಾನಕ್ಕೆ ಅವರು ಅರ್ಹರಲ್ಲ ಎಂಬಂತೆ ಆಗಬಾರದು. ಭಾಷಣಕಾರರಿಗೂ ಒಂದು ಮಾತು ಹೇಳಿಡಿ. ಪೋಲಿಯೊ ತಗುಲಿದ ತಿರುಚಿನಾಪಳ್ಳಿಯ ಜೆನ್ನಿತಾ ಆಂಟೊ ಅಂಗವಿಕಲರ ವಿಶ್ವ ಚೆಸ್ಸಿನಲ್ಲಿ ಹಲವು ಬಾರಿ ಮಹಿಳಾ ಚಾಂಪಿಯನ್ ಆದವರು. ಅಂಥವರ ಬಗ್ಗೆ ಮಾತಾಡುವಾಗ ಆಟದ ಬಗ್ಗೆ ಮಾತಾಡಿ, ಕಣ್ಣೀರಿನ ಬಗ್ಗೆ ಬೇಡ.

ಟೂರ್ನಿ ಮುಗಿದ ವಾರದೊಳಗೆ ಆಡಿದ ವಿಕಲಚೇತನರಿಗೆ ಮತ್ತೆ ಫೋನ್ ಮಾಡಿ, ಏನು ತಪ್ಪಿತು ಎಂದು ಕೇಳಿ. ಒಮ್ಮೆ ಹಾಗೆ ಕೇಳಿದಾಗ, ರ‍್ಯಾಂಪು, ಎರಡು ಬೋರ್ಡು, ಸಹಾಯಕರು ಎಲ್ಲ ಮಾಡಿದ್ದೇವೆಂಬ ಹೆಮ್ಮೆಯಲ್ಲಿದ್ದೆ. ಕಣ್ಣು ಕಾಣದ ಹಿರಿಯ ಆಟಗಾರರೊಬ್ಬರು ನಕ್ಕು ಹೇಳಿದರು: "ಎಲ್ಲ ಚೆನ್ನಾಗಿತ್ತು ಸರ್. ಟೀ ಎಲ್ಲಿ ಕೊಡ್ತಾ ಇದ್ರು ಅಂತ ಮಾತ್ರ ಎರಡು ದಿನ ಆದ್ರೂ ಗೊತ್ತಾಗ್ಲಿಲ್ಲ. ವಾಸನೆ ಬರ್ತಿತ್ತು."